ದಿನಕ್ಕೆ ಎರಡು ವಚನ: ಹೆರ್ನ್‌ಹೂಟ್‌ನ ‘ಲೋಸುಂಗೆನ್’ ಹೊತ್ತಗೆಯ ವಿಮರ್ಶೆ

ಜರ್ಮನಿಯ ಪ್ರಾಟೆಸ್ಟೆಂಟ್ ಮನೆಗಳಲ್ಲಿ ಬೆಳಗಿನ ತಿಂಡಿಯ ಮೇಜಿನ ಮೇಲೆ, ಬ್ರೆಡ್ಡು ಬೆಣ್ಣೆಗಳ ಪಕ್ಕದಲ್ಲಿ, ಅಂಗಿಯ ಜೇಬಿಗೆ ಹಿಡಿಸುವಂಥ ಒಂದು ನೀಲಿ ಹೊತ್ತಗೆ ಇರುವುದನ್ನು ಇಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಕಂಡಿರಬಹುದು. ಅದರ ಹೆಸರು ‘ಲೋಸುಂಗೆನ್’. ವರ್ಷದ ಪ್ರತಿಯೊಂದು ದಿನಕ್ಕೆ ಬೈಬಲಿನ ಹಳೆಯ ಒಡಂಬಡಿಕೆಯಿಂದ ಒಂದು ವಚನ, ಹೊಸ ಒಡಂಬಡಿಕೆಯಿಂದ ಒಂದು ವಚನ, ಅವುಗಳ ಕೆಳಗೆ ಒಂದು ಹಾಡಿನ ಚರಣ ಅಥವಾ ಪುಟ್ಟ ಪ್ರಾರ್ಥನೆ. ಅದರಲ್ಲಿರುವುದು ಮುಖ್ಯವಾಗಿ ಇಷ್ಟೇ. ಸಾಕ್ಸನಿ ರಾಜ್ಯದ ಹೆರ್ನ್‌ಹೂಟ್ ಎಂಬ ಸಣ್ಣ ಊರಿನ ಮೊರೇವಿಯನ್ ಸಭೆಯೆಂಬ ಪ್ರಾಟೆಸ್ಟೆಂಟ್ ಪಂಗಡವು 1731ರಿಂದ ಇಂದಿನವರೆಗೆ ಒಂದು ವರ್ಷವೂ ತಪ್ಪದಂತೆ ಇದನ್ನು ಅಚ್ಚು ಹಾಕಿಸುತ್ತ ಬಂದಿದ್ದು, ಈಗ ಇದು 50ಕ್ಕೂ ಹೆಚ್ಚು ಭಾಷೆಗಳಲ್ಲಿ ಹೊರಡುತ್ತದೆ.

ವ್ಯೂರ್ಟೆಂಬರ್ಗ್ ಸೀಮೆಯಲ್ಲಿ, ಕ್ರೈಸ್ತ ಸೇವಾಸಂಸ್ಥೆಯೊಂದು ನಡೆಸುವ ವೃದ್ಧಾಶ್ರಮದಲ್ಲಿ ದಾದಿಯ ಕೆಲಸ ಮಾಡುವ ನಾನು ಈ ಹೊತ್ತಗೆಯನ್ನು ವರ್ಷಗಳಿಂದ ಬಳಸುತ್ತಿದ್ದೇನೆ. ಧ್ಯಾನದ ಪುಸ್ತಕಗಳನ್ನು ಸಾಮಾನ್ಯವಾಗಿ ಅವುಗಳ ಭಾಷೆ ಹೇಗಿದೆ, ಮನಸ್ಸಿಗೆ ಎಷ್ಟು ಸಮಾಧಾನ ಕೊಡುತ್ತವೆ ಎಂಬ ಎರಡು ಲೆಕ್ಕದಲ್ಲಿ ಅಳೆಯುವುದು ರೂಢಿ. ನನ್ನ ಲೆಕ್ಕ ಬೇರೆ. ಬೆಳಗ್ಗೆ ಐದೂವರೆಗೆ ಓದಿದ ವಚನವು ಮಧ್ಯಾಹ್ನ ಒಂದು ಗಂಟೆಗೆ, ಮೈಕೈ ಸೋತು, ಗಂಟೆ ಒತ್ತಿ ಒತ್ತಿ ಕರೆಯುವ ಅಜ್ಜಿಯ ಕೋಣೆಗೆ ಮತ್ತೆ ಹೋಗಬೇಕಾಗಿ ಬಂದಾಗ ಏನಾದರೂ ಕೆಲಸ ಮಾಡುತ್ತದೆಯೇ ಎಂಬುದನ್ನಷ್ಟೇ ನಾನು ಕೇಳುತ್ತೇನೆ. ದೇವರ ವಾಕ್ಯವನ್ನು ಕೇಳುವವರಷ್ಟೇ ಆಗಿರದೆ ಅದರಂತೆ ನಡೆಯುವವರೂ ಆಗಿರಬೇಕೆಂದು ಯಾಕೋಬನ ಪತ್ರಿಕೆ ಹೇಳುವಾಗ ಅದು ಕೇಳುತ್ತಿರುವುದೂ ಇದನ್ನೇ. ಈ ಅಳತೆಗೋಲಿನಿಂದ ನೋಡಿದರೆ ಲೋಸುಂಗೆನ್ ಒಂದು ಅಪರೂಪದ ಸಾಧನ. ಆದರೆ ಅದರ ಮಿತಿಗಳನ್ನು ತಿಳಿಯದೆ ಕೈಗೆತ್ತಿಕೊಂಡವರನ್ನು ಅದು ದಾರಿ ತಪ್ಪಿಸಲೂಬಲ್ಲದು.

ಇದು ಹುಟ್ಟಿದ ಬಗೆಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಬಳಸುವ ಕ್ರಮದ ಸುಳಿವು ಅಲ್ಲಿಯೇ ಇದೆ. ಈಗಿನ ಚೆಕ್ ಗಣರಾಜ್ಯಕ್ಕೆ ಸೇರಿದ ಮೊರೇವಿಯಾದಲ್ಲಿ ನಂಬಿಕೆಗಾಗಿ ಹಿಂಸೆಗೊಳಗಾಗಿ ಗಡಿ ದಾಟಿ ಬಂದ ಕೆಲವು ಕುಟುಂಬಗಳು 1722ರಲ್ಲಿ ಜಿನ್ಜೆಂಡಾರ್ಫ್ ಎಂಬ ತರುಣ ಜಮೀನುದಾರನ ಭೂಮಿಯಲ್ಲಿ ಮನೆ ಕಟ್ಟಿಕೊಂಡವು. ಬಡಗಿಗಳು, ನೇಕಾರರು, ಕುಂಬಾರರು ಹೀಗೆ ಕೈಕಸುಬಿನವರೇ ಹೆಚ್ಚಾಗಿದ್ದ ಆ ಊರೇ ಹೆರ್ನ್‌ಹೂಟ್. 1728ರ ಮೇ 3ರ ಸಂಜೆಯ ಹಾಡಿನ ಕೂಟದಲ್ಲಿ ಜಿನ್ಜೆಂಡಾರ್ಫ್ ಮರುದಿನಕ್ಕೆಂದು ಒಂದು ಮಾತನ್ನು ಕೊಟ್ಟರು. ಆಮೇಲೆ ಅದೇ ಪದ್ಧತಿಯಾಯಿತು. ಆ ದಿನದ ವಾಕ್ಯವನ್ನು ಸಹೋದರರು ಬೆಳಗ್ಗೆ ಮನೆಯಿಂದ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದರು. ಬಾಗಿಲಲ್ಲಿ ನಿಂತು ವಚನ ಹೇಳುವುದರ ಜೊತೆಗೆ ಮನೆಯವರ ಕ್ಷೇಮವನ್ನೂ ವಿಚಾರಿಸುತ್ತಿದ್ದರು. ಕಾಗದದ ಮೇಲೆ ಅಚ್ಚಾಗುವ ಮೊದಲು ವಚನವೆಂದರೆ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಹೊಸ್ತಿಲಿಗೆ ನಡೆದು ಬರುವುದಾಗಿತ್ತು ಎಂಬುದು ನನಗೆ ಈ ಹೊತ್ತಗೆಯ ಬಗ್ಗೆ ತಿಳಿದ ಸಂಗತಿಗಳಲ್ಲೆಲ್ಲ ಅತ್ಯಂತ ಮುಖ್ಯವಾದದ್ದು.

ಇಂದಿಗೂ ಹಳೆಯ ಒಡಂಬಡಿಕೆಯ ವಚನವನ್ನು ಯಾರೂ ಆರಿಸುವುದಿಲ್ಲ. ಸುಮಾರು 1,800 ವಚನಗಳ ಸಂಗ್ರಹದಿಂದ ದಿನಕ್ಕೊಂದರಂತೆ ಚೀಟಿ ಎತ್ತಲಾಗುತ್ತದೆ. ಇದು ಹೆರ್ನ್‌ಹೂಟ್‌ನಲ್ಲಿ ಸಭೆಯ ಆಡಳಿತ ಕಚೇರಿಯಿರುವ ಹಳೆಯ ಕಟ್ಟಡದಲ್ಲಿ, ಸುಮಾರು ಮೂರು ವರ್ಷ ಮುಂಚಿತವಾಗಿಯೇ ನಡೆಯುತ್ತದೆ. ಹಾಗೆ ಬಂದ ವಚನಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನೂ ಹಾಡಿನ ಚರಣವನ್ನೂ ಮಾತ್ರ ಮನುಷ್ಯರು ಹುಡುಕಿ ಜೋಡಿಸುತ್ತಾರೆ. ನಮ್ಮ ಊರಿನ ಸಭೆಗಳಲ್ಲಿ ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ವಾಗ್ದಾನದ ಕಾರ್ಡು ಎತ್ತಿಕೊಳ್ಳುವ ರೂಢಿಯನ್ನು ಬಲ್ಲವರಿಗೆ ಇದು ಹೊಸದೆನಿಸದು. ಆದರೆ ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ವಾಗ್ದಾನದ ಕಾರ್ಡುಗಳ ಕಟ್ಟಿನಲ್ಲಿ ಆಶೀರ್ವಾದ, ಕಾಪಾಡುವಿಕೆ, ಸಮೃದ್ಧಿಗಳ ವಚನಗಳೇ ತುಂಬಿರುತ್ತವೆ. ಯಾವ ಕಾರ್ಡನ್ನು ಎತ್ತಿದರೂ ನಮಗೆ ಏನೋ ಸಿಗುತ್ತದೆಂಬ ಮಾತೇ ಬರುತ್ತದೆ. ಲೋಸುಂಗೆನ್ ಸಂಗ್ರಹದಲ್ಲಿ ವಾಗ್ದಾನಗಳಿರುವಂತೆ ಆಜ್ಞೆಗಳೂ ಇವೆ, ಎಚ್ಚರಿಕೆಗಳೂ ಇವೆ, ಸಂಕಟದಿಂದ ಕೂಗುವ ಮೊರೆಗಳೂ ಇವೆ. ನೆರೆಯವನ ಮೇಲೆ ಹಗೆ ಸಾಧಿಸಬಾರದೆಂಬ ಮಾತು ಮಂಗಳವಾರ ಬೆಳಗ್ಗೆ ಎದುರಾದಾಗ, ನಿನ್ನೆಯಷ್ಟೇ ಸಹೋದ್ಯೋಗಿಯೊಂದಿಗೆ ಮಾತು ಬಿಟ್ಟವರು ಆ ಪುಟವನ್ನು ಸುಮ್ಮನೆ ಮಡಚಿ ಏಳುವುದು ಕಷ್ಟ. ಸಿಗುವುದರ ಬಗ್ಗೆಯೇ ಅಲ್ಲದೆ ಮಾಡಬೇಕಾದದ್ದರ ಬಗ್ಗೆಯೂ ಮಾತಾಡುತ್ತದೆ ಎಂಬುದೇ ನಿತ್ಯಜೀವನದ ಮಟ್ಟಿಗೆ ಇದರ ಮೊದಲ ಗುಣ.

ಎರಡನೆಯ ಗುಣ ಅದರ ಮೌನ. ಮಾರುಕಟ್ಟೆಯಲ್ಲಿ ಸಿಗುವ ಬಹುತೇಕ ಅನುದಿನದ ಧ್ಯಾನದ ಪುಸ್ತಕಗಳಲ್ಲಿ ಒಂದು ವಚನದ ಕೆಳಗೆ ಒಂದು ಪುಟ ವಿವರಣೆ, ಒಂದು ದೃಷ್ಟಾಂತ ಕಥೆ, ಕೊನೆಗೆ ಒಂದು ನೀತಿ ಇರುತ್ತದೆ. ಓದಿ ಮುಗಿಸುವಷ್ಟರಲ್ಲಿ ಆ ವಚನವನ್ನು ಬದುಕಿನಲ್ಲಿ ಬಳಸುವ ಕೆಲಸವನ್ನು ಲೇಖಕರೇ ನಮ್ಮ ಪರವಾಗಿ ಮಾಡಿ ಮುಗಿಸಿರುತ್ತಾರೆ. ನಮಗೆ ಉಳಿಯುವುದು ತಲೆದೂಗುವುದಷ್ಟೇ. ಲೋಸುಂಗೆನ್ ಏನನ್ನೂ ವಿವರಿಸುವುದಿಲ್ಲ. ಎರಡು ವಚನಗಳ ನಡುವಿನ ಸಂಬಂಧವೇನು, ಇವತ್ತಿನ ನನ್ನ ದಿನಕ್ಕೂ ಇವಕ್ಕೂ ಏನು ನಂಟು ಎಂಬುದನ್ನು ಓದುಗರೇ ಕಂಡುಕೊಳ್ಳಬೇಕು, ಮತ್ತು ಅದು ಹೆಚ್ಚಾಗಿ ಹೊತ್ತಗೆ ಮುಚ್ಚಿದ ಮೇಲೆ, ಕೆಲಸದ ನಡುವೆ ಹೊಳೆಯುತ್ತದೆ.

ನಮ್ಮಲ್ಲಿ ಬೆಳಗಿನ ಪಾಳಿ ಶುರುವಾಗುವಾಗ ರಾತ್ರಿ ಪಾಳಿಯವರು ಯಾರಿಗೆ ಜ್ವರ, ಯಾರು ನಿದ್ರಿಸಲಿಲ್ಲ, ಯಾರ ಸಕ್ಕರೆ ಪ್ರಮಾಣ ಏರಿದೆ ಎಂದು ಒಪ್ಪಿಸುವ ಮೊದಲು ಯಾರಾದರೊಬ್ಬರು ಆ ದಿನದ ವಚನಗಳನ್ನು ಓದುತ್ತಾರೆ. ಕ್ರೈಸ್ತ ಸೇವಾಸಂಸ್ಥೆಗಳ ಆಸ್ಪತ್ರೆ, ಆಶ್ರಮಗಳಲ್ಲಿ ಇದು ಈ ದೇಶದಲ್ಲಿ ಸಾಮಾನ್ಯ ಪದ್ಧತಿ. ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಕೇಳುವವರಲ್ಲಿ ನಂಬುವವರೂ ನಂಬದವರೂ ಮುಸಲ್ಮಾನರೂ ಇರುತ್ತಾರೆ, ಮತ್ತು ಯಾರನ್ನೂ ತಲೆಬಾಗಿ ಎಂದು ಒತ್ತಾಯಿಸುವುದಿಲ್ಲ. ತಲೆನರೆತವರ ಮುಂದೆ ಎದ್ದು ನಿಂತು ಮುದುಕರನ್ನು ಗೌರವಿಸಬೇಕೆಂಬ ಯಾಜಕಕಾಂಡ 19ನೆಯ ಅಧ್ಯಾಯದ ಮಾತು ಬಂದ ದಿನ, ಆ ಬಳಿಕ ಐದು ಗಂಟೆಗಳ ಕಾಲ ನಾವು ಮಾಡಬೇಕಾದದ್ದೆಲ್ಲ ತಲೆನರೆತವರ ಮುಂದೆಯೇ: ಮಗ್ಗುಲು ಹೊರಳಿಸುವುದು, ಒದ್ದೆ ಬಟ್ಟೆ ಬದಲಿಸುವುದು, ಹಲ್ಲಿನ ಸೆಟ್ಟು ತೊಳೆಯುವುದು, ಗಂಜಿಯಂಥ ಸೂಪನ್ನು ಚಮಚದಲ್ಲಿ ಕುಡಿಸುವುದು. ಗೌರವವೆಂಬುದು ಇಲ್ಲಿ ಬಾಗಿಲು ತಟ್ಟಿ ಉತ್ತರಕ್ಕಾಗಿ ಕಾಯುವುದರಲ್ಲಿದೆ. ನೀರು ಬೆಚ್ಚಗಿದೆಯೇ ಎಂದು ಮೊದಲು ತನ್ನ ಮಣಿಕಟ್ಟಿನ ಮೇಲೆ ನೋಡಿಕೊಳ್ಳುವುದರಲ್ಲಿದೆ. ಎದುರಿಗಿರುವವರ ತಲೆಯ ಮೇಲಿಂದ ಸಹೋದ್ಯೋಗಿಯೊಂದಿಗೆ ರಜೆಯ ವಿಚಾರ ಮಾತಾಡದೆ ಇರುವುದರಲ್ಲಿದೆ. ಈ ವಿವರಗಳನ್ನು ಯಾವ ಧ್ಯಾನದ ಪುಸ್ತಕವೂ ನನಗಾಗಿ ಬರೆಯಲಾರದು, ಬರೆಯಲೂಬಾರದು.

ಸುಳ್ಳಾಡಬಾರದೆಂಬ ಅರ್ಥದ ವಚನಗಳೂ ವರ್ಷದಲ್ಲಿ ಬರುತ್ತವೆ. ಮಾಡದ ಕೆಲಸದ ಎದುರು ದಾಖಲೆಯಲ್ಲಿ ಗುರುತು ಹಾಕಿ ಪಾಳಿ ಮುಗಿಸುವ ಪ್ರಲೋಭನೆ ಏನೆಂಬುದು ಆರೈಕೆಯ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತು. ಜನ ಕಡಿಮೆ, ಹೊತ್ತು ಕಡಿಮೆ, ಕಾಗದದ ಕೆಲಸ ಮಾತ್ರ ಹೆಚ್ಚು. ಅಂಥ ದಿನಗಳಲ್ಲಿ ‘ಇವತ್ತು ಸಾಧ್ಯವಾಗಲಿಲ್ಲ’ ಎಂದು ಬರೆಯುವುದು ಒಂದು ಸಣ್ಣ ವಾಕ್ಯ, ಆದರೆ ಅದನ್ನು ಬರೆಯಲು ಬೇಕಾದ ಧೈರ್ಯ ಸಣ್ಣದಲ್ಲ. ಬೆಳಗ್ಗೆ ಎಲ್ಲರೂ ಕೂಡಿ ಕೇಳಿದ ವಚನವಾದ್ದರಿಂದ ಒಬ್ಬರು ಹಾಗೆ ಬರೆದಾಗ ಇನ್ನೊಬ್ಬರು ಹುಬ್ಬೇರಿಸುವುದಿಲ್ಲ. ಒಂಟಿಯಾಗಿ ಓದುವುದಕ್ಕಿಂತ ಜೊತೆಯಾಗಿ ಕೇಳಿದಾಗಲೇ ಈ ಹೊತ್ತಗೆ ಹೆಚ್ಚು ಫಲ ಕೊಡುತ್ತದೆಂದು ನಾನು ಹೇಳುವುದು ಇದಕ್ಕಾಗಿ.

ಮೂರನೆಯ ಪಾಠ, ಅಂದರೆ ಹಾಡಿನ ಚರಣ, ಕೇವಲ ಅಲಂಕಾರಕ್ಕೆ ಇರುವುದೆಂದು ಮೊದಲ ನೋಟಕ್ಕೆ ತೋರಬಹುದು. ಮರೆವಿನ ರೋಗವಿರುವವರ ನಡುವೆ ಕೆಲಸ ಮಾಡುವವರು ಹಾಗೆ ಹೇಳಲಾರರು. ಹದಿನೇಳನೆಯ ಶತಮಾನದ ಪೌಲ್ ಗೆರ್ಹಾರ್ಟ್ ಬರೆದ ಒಂದು ಚರಣವನ್ನು ಮೊದಲ ಸಾಲಿನವರೆಗೆ ಓದಿ ನಿಲ್ಲಿಸಿದರೆ, ಮಗಳ ಹೆಸರನ್ನೂ ಮರೆತಿರುವ ಅಜ್ಜಿ ಉಳಿದ ಸಾಲುಗಳನ್ನು ಕಣ್ಣು ಮುಚ್ಚಿಕೊಂಡು ಪೂರ್ತಿ ಹೇಳುತ್ತಾರೆ. ಶಾಲೆಯಲ್ಲಿ, ದೃಢೀಕರಣದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದು ಎಂಬತ್ತು ವರ್ಷಗಳ ಕೆಳಗೆ ಹೂತುಹೋಗದೆ ಉಳಿದಿದೆ. ಮಾತ್ರೆ ನುಂಗಲು ಒಪ್ಪದವರು ಆ ಚರಣ ಮುಗಿದ ಮೇಲೆ ಶಾಂತರಾಗಿ ಬಾಯಿ ತೆರೆಯುವುದನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ. ಇದನ್ನು ಬರೆಯುವಾಗಲೂ ನನಗೆ ಹೃದಯ ತುಂಬಿ ಬರುತ್ತದೆ.

ನಿತ್ಯಜೀವನದ ನಡುವೆ ನಂಬಿಕೆಯನ್ನು ಬಾಳುವ ವಿಷಯದಲ್ಲಿ ಈ ಹೊತ್ತಗೆಯ ಓದುಗರಲ್ಲಿ ನೆನೆಯಲೇಬೇಕಾದವರು ಡೀಟ್ರಿಷ್ ಬೊನ್‌ಹೋಫರ್. 1943ರ ಏಪ್ರಿಲ್‌ನಲ್ಲಿ ಬಂಧಿತರಾಗಿ ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿದ್ದಾಗಲೂ ಈ ಲೂಥರನ್ ಪಾಸ್ಟರ್ ದಿನದ ವಚನಗಳನ್ನು ಬಿಡದೆ ಓದುತ್ತಿದ್ದರು. ಹಿಟ್ಲರನನ್ನು ಕೊಲ್ಲುವ ಯತ್ನ ವಿಫಲವಾದದ್ದು 1944ರ ಜುಲೈ 20ರಂದು. ಅದರ ಸಂಚಿನ ಬಳಗಕ್ಕೆ ಸೇರಿದವರಲ್ಲಿ ಬೊನ್‌ಹೋಫರ್ ಅವರೂ ಒಬ್ಬರು. ಆ ದಿನದ ವಚನ ರಥ ಕುದುರೆಗಳನ್ನು ನೆಚ್ಚುವವರನ್ನೂ ದೇವರ ನಾಮವನ್ನು ನೆಚ್ಚುವವರನ್ನೂ ಎದುರುಬದುರು ಇಡುವ ಕೀರ್ತನೆಯದಾಗಿತ್ತು. ಅದರ ಜೋಡಿ, ದೇವರು ನಮ್ಮ ಕಡೆಯಿದ್ದರೆ ನಮ್ಮನ್ನು ಎದುರಿಸುವವರು ಯಾರೆಂದು ಕೇಳುವ ರೋಮಾಪುರದವರ ಪತ್ರಿಕೆಯ ಮಾತು. ಮರುದಿನ, ಜುಲೈ 21ರಂದು, ‘ಯೆಹೋವನು ನನಗೆ ಕುರುಬನು’ ಎಂಬ 23ನೆಯ ಕೀರ್ತನೆಯ ಮೊದಲ ವಚನ. ಎಲ್ಲವೂ ಕೈತಪ್ಪಿತೆಂದು ತಿಳಿದ ಆ ದಿನವೇ ಅವರು ತಮ್ಮ ಸ್ನೇಹಿತರಿಗೆ ಬರೆದ ಪತ್ರದಲ್ಲಿ ಆ ಎರಡು ದಿನಗಳ ವಚನಗಳಿಂದ ತಮಗಾದ ಸಂತೋಷವನ್ನು ತಿಳಿಸಿದರು. ಲೋಕದಿಂದ ದೂರ ಸರಿದಲ್ಲ, ಕರ್ತವ್ಯ, ಪ್ರಶ್ನೆ, ಗೆಲುವು, ಸೋಲುಗಳಿಂದ ತುಂಬಿದ ಈ ಲೋಕದ ಬದುಕಿನ ನಟ್ಟನಡುವೆ ಇದ್ದುಕೊಂಡೇ ಮನುಷ್ಯ ನಂಬಲು ಕಲಿಯುತ್ತಾನೆಂಬ ಅರ್ಥದ ಅವರ ಪ್ರಸಿದ್ಧ ಮಾತು ಬರುವುದೂ ಅದೇ ಪತ್ರದಲ್ಲಿ. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು. ಅವರು ಮಾಡಿದ ನಿರ್ಧಾರಗಳನ್ನು ಈ ಹೊತ್ತಗೆ ಅವರಿಗಾಗಿ ಮಾಡಿಕೊಡಲಿಲ್ಲ. ಅಂಥ ನಿರ್ಧಾರಗಳ ಭಾರ ಹೊತ್ತ ಮನುಷ್ಯನಿಗೆ ಬೆಳಗಿನಲ್ಲಿ ನಿಲ್ಲಲು ಒಂದು ನೆಲ ಕೊಟ್ಟಿತು.

ಇನ್ನು ಕೊರತೆಗಳು. ಮೊದಲನೆಯದು ಚೀಟಿ ಎತ್ತುವ ಪದ್ಧತಿಯಿಂದಲೇ ಬರುವ ಅಪಾಯ. ವಚನ ತಾನಾಗಿ ಬಂದಿದೆ, ಯಾರೂ ಆರಿಸಿದ್ದಲ್ಲ ಎಂಬ ಕಾರಣಕ್ಕೆ ಅದನ್ನು ಶಕುನದಂತೆ ಓದುವ ಮನಸ್ಸು ಅನೇಕರಿಗಿದೆ. ಕೆಲಸ ಬಿಡಲೇ, ಮನೆ ಕೊಳ್ಳಲೇ, ಮಗಳ ಸಂಬಂಧ ಒಪ್ಪಲೇ ಎಂದು ಪುಟ ತೆರೆದು ಉತ್ತರ ಹುಡುಕುವವರನ್ನು ನಾನು ಬಲ್ಲೆ. ಮೂರು ವರ್ಷ ಮೊದಲೇ ಎತ್ತಿದ ಚೀಟಿ ನನ್ನ ಇವತ್ತಿನ ಸಮಸ್ಯೆಗೆ ಬರೆದ ಪತ್ರವಲ್ಲ. ಲಕ್ಷಾಂತರ ಜನ ಅದೇ ಬೆಳಗ್ಗೆ ಅದೇ ವಚನವನ್ನು ಓದುತ್ತಿರುತ್ತಾರೆ. ಯೋಚಿಸಿ, ಹಿರಿಯರನ್ನು ಕೇಳಿ, ಲೆಕ್ಕ ಹಾಕಿ ಮಾಡಬೇಕಾದ ತೀರ್ಮಾನವನ್ನು ಚೀಟಿಗೆ ಬಿಡುವುದು ಭಕ್ತಿಯಲ್ಲ, ಹೊಣೆಯಿಂದ ತಪ್ಪಿಸಿಕೊಳ್ಳುವುದು.

ಎರಡನೆಯದು ಇನ್ನೂ ಗಂಭೀರವಾದದ್ದು, ಮತ್ತು ಅದನ್ನು ಹೆರ್ನ್‌ಹೂಟ್‌ನ ಚರಿತ್ರೆಯೇ ಕಲಿಸುತ್ತದೆ. 1732ರಲ್ಲಿ ಅಲ್ಲಿಂದ ಹೊರಟ ಮೊದಲ ಮಿಷನರಿಗಳಲ್ಲಿ ಒಬ್ಬ ಕುಂಬಾರ, ಇನ್ನೊಬ್ಬ ಬಡಗಿ. ವೆಸ್ಟ್ ಇಂಡೀಸ್‌ನಲ್ಲಿ ಆಗ ಡೆನ್ಮಾರ್ಕಿನ ಆಳ್ವಿಕೆಯಲ್ಲಿದ್ದ ಸೇಂಟ್ ಥಾಮಸ್ ದ್ವೀಪದ ಗುಲಾಮರಿಗೆ ಸುವಾರ್ತೆ ಸಾರಲು ಅವರು ಹೋದರು. ಆದರೆ ಆ ದಶಕ ಮುಗಿಯುವಷ್ಟರಲ್ಲಿ ಅದೇ ಮಿಷನ್ ಆ ದ್ವೀಪದಲ್ಲಿ ತೋಟ ಕೊಂಡು, ತಾನೇ ಗುಲಾಮರನ್ನು ಇಟ್ಟುಕೊಂಡಿತು. ಬೆಳಗ್ಗೆ ದಿನದ ವಚನ ಓದುತ್ತಿದ್ದವರೇ, ದೇವರ ಮುಂದೆ ತಮ್ಮ ಸಹೋದರರೆಂದು ಕರೆದವರನ್ನು ಹಗಲೆಲ್ಲ ಕೂಲಿಯಿಲ್ಲದೆ ದುಡಿಸಿದರು. ಒಂದೊಂದೇ ವಚನವನ್ನು ಹನಿಹನಿಯಾಗಿ ಕೇಳುವವರಿಗೆ ತಮ್ಮ ಕಾಲದ ದೊಡ್ಡ ಅನ್ಯಾಯ ಕಾಣದೆ ಹೋಗಬಹುದು, ಏಕೆಂದರೆ ಒಂಟಿ ವಚನವು ವೈಯಕ್ತಿಕ ಬದುಕಿನ ಸಣ್ಣ ತಪ್ಪುಗಳನ್ನು ಚುಚ್ಚುವಷ್ಟು ಸುಲಭವಾಗಿ, ನಾವು ನಿಂತಿರುವ ವ್ಯವಸ್ಥೆಯನ್ನು ಪ್ರಶ್ನಿಸುವುದಿಲ್ಲ. ಅದಕ್ಕೆ ಸಮಾಜದ ಅನ್ಯಾಯವನ್ನು ಖಂಡಿಸಿದ ಪ್ರವಾದಿ ಆಮೋಸನ ಗ್ರಂಥವನ್ನೋ ಯಾಜಕಕಾಂಡವನ್ನೋ ಮೊದಲಿನಿಂದ ಕೊನೆಯವರೆಗೆ ಓದಬೇಕು. ಅಂಥ ಓದಿಗಾಗಿ ಪ್ರತಿ ದಿನದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಎರಡು ವಾಚನ ಕ್ರಮಗಳನ್ನು ಕೊಟ್ಟಿದ್ದಾರೆ: ಒಂದು ಸಭೆಯ ವರ್ಷದ ಹಬ್ಬಗಳನ್ನು ಅನುಸರಿಸುವುದು, ಇನ್ನೊಂದು ಸತ್ಯವೇದದ, ಅಂದರೆ ಬೈಬಲಿನ, ಪುಸ್ತಕಗಳನ್ನು ಒಂದಾದ ಮೇಲೊಂದರಂತೆ ಓದಿಸುವುದು. ಹೆಚ್ಚಿನವರ ಕಣ್ಣು ಅಲ್ಲಿಗೆ ಇಳಿಯುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಎರಡನೆಯ ಕ್ರಮವನ್ನು ಬಿಟ್ಟು ಬರೀ ಮೇಲಿನ ವಚನಗಳನ್ನು ಓದುವುದಾದರೆ ಈ ಹೊತ್ತಗೆಯ ಅರ್ಧದಷ್ಟನ್ನು ಮಾತ್ರ ಬಳಸಿದಂತಾಯಿತು.

ಕನ್ನಡ ಸತ್ಯವೇದವನ್ನು ಪಕ್ಕದಲ್ಲಿಟ್ಟುಕೊಂಡು ಓದುವವರು ಒಂದು ತೊಡಕನ್ನು ಮೊದಲೇ ತಿಳಿದಿರಬೇಕು. ಜರ್ಮನ್ ಭಾಷೆಯ ಲೂಥರ್ ಬೈಬಲಿನಲ್ಲಿ ಅನೇಕ ಕೀರ್ತನೆಗಳ ತಲೆಬರಹವನ್ನೂ ವಚನವೆಂದು ಎಣಿಸುವುದರಿಂದ ಅಂಕಿ ಒಂದು ಮುಂದೆ ಹೋಗುತ್ತದೆ, ಕೆಲವೆಡೆ ಎರಡೂ ಹೋಗುತ್ತದೆ. ಮೇಲೆ ಹೇಳಿದ ರಥ ಕುದುರೆಗಳ ವಚನ ಅಲ್ಲಿ 20ನೆಯ ಕೀರ್ತನೆಯ 8, ನಮ್ಮಲ್ಲಿ 7. ಮಲಾಕಿಯನ ಗ್ರಂಥಕ್ಕೆ ಅಲ್ಲಿ ಮೂರೇ ಅಧ್ಯಾಯ, ಆದ್ದರಿಂದ ಧರ್ಮವೆಂಬ ಸೂರ್ಯ ಉದಯಿಸುವ ನಮ್ಮ 4:2 ಅಲ್ಲಿ 3:20. ಯೋವೇಲನ 2:28 ಅಲ್ಲಿ 3:1. ಇಷ್ಟನ್ನು ಗಮನದಲ್ಲಿಟ್ಟುಕೊಂಡರೆ, ಜರ್ಮನ್ ವಚನ ಓದಿ, ಅದನ್ನು ಕನ್ನಡದಲ್ಲಿ ತೆರೆದು, ಹಿಂದಿನ ಮುಂದಿನ ಹತ್ತು ವಚನಗಳನ್ನೂ ಓದಲು ಕಾಲು ಗಂಟೆ ಸಾಕು. ಪರಭಾಷೆಯಲ್ಲಿ ಓದಿದಾಗ ನಾಜೂಕಾಗಿ ಕೇಳಿಸಿದ ಆಜ್ಞೆ, ತಾಯ್ನುಡಿಯಲ್ಲಿ ಓದಿದೊಡನೆ ನೇರವಾಗಿ ನಮ್ಮನ್ನೇ ಉದ್ದೇಶಿಸಿ ಹೇಳಿದಂತಾಗುತ್ತದೆ. ಮಂಗಳೂರು, ಧಾರವಾಡದ ಕಡೆಯ ಬಾಸೆಲ್ ಮಿಷನ್ ಪರಂಪರೆಯ ಮನೆಗಳಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆಯನ್ನು ಕಂಡು ಬೆಳೆದವರಿಗೆ ಈ ಕ್ರಮ ಒಗ್ಗುವುದು ಸುಲಭ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್‌ನ ಅನೇಕ ಸೇವಕರು ಇದೇ ವ್ಯೂರ್ಟೆಂಬರ್ಗ್ ಸೀಮೆಯ ಭಕ್ತ ಮನೆತನಗಳಿಂದ ಹೊರಟವರು.

ವರ್ಷದ ವಚನದ ಬಗ್ಗೆ ಒಂದು ಮಾತು. ಹೊತ್ತಗೆಯ ಆರಂಭದಲ್ಲಿ ಅಚ್ಚಾಗುವ ಅದನ್ನು ಹೆರ್ನ್‌ಹೂಟ್‌ನಲ್ಲಿ ಚೀಟಿ ಎತ್ತಿ ನಿರ್ಧರಿಸುವುದಿಲ್ಲ. ಹಲವು ಸಭೆಗಳು ಸೇರಿದ ಬೇರೊಂದು ಮಂಡಳಿ ಚರ್ಚಿಸಿ ಆರಿಸುತ್ತದೆ. 2024ರದು ‘ನೀವು ಮಾಡುವುದನ್ನೆಲ್ಲ ಪ್ರೀತಿಯಿಂದ ಮಾಡಿರಿ’ ಎಂಬುದಾಗಿತ್ತು, 2025ರದು ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿರೆಂಬ ಥೆಸಲೊನೀಕದವರ ಪತ್ರಿಕೆಯ ಮಾತು. ಇವೆರಡೂ ಇಡೀ ವರ್ಷ ಅಡುಗೆಮನೆಯ ಗೋಡೆಯ ಮೇಲೆ ಇರಲು ಯೋಗ್ಯವಾದವು. ಆದಿತ್ಯವಾರದ ಪುಟಗಳಲ್ಲಿ ಆ ವಾರದ ವಚನ, ಪ್ರಸಂಗದ ಪಾಠ, ವಾರದ ಹಾಡುಗಳ ಸೂಚನೆಯೂ ಇರುವುದರಿಂದ, ಚರ್ಚಿಗೆ ಹೊರಡುವ ಮೊದಲು ಒಮ್ಮೆ ನೋಡಿಕೊಂಡರೆ ಜರ್ಮನ್ ಪ್ರಸಂಗವನ್ನು ಅನುಸರಿಸುವುದು ಹೊಸಬರಿಗೆ ಬಹಳ ಹಗುರಾಗುತ್ತದೆ.

ಕೊಳ್ಳುವವರಿಗೆ ಆಯ್ಕೆಗಳು ಹಲವಿವೆ. ಸಾಮಾನ್ಯ ನೀಲಿ ಆವೃತ್ತಿಯ ಬೆಲೆ ಇಲ್ಲಿನ ಅಂಗಡಿಯಲ್ಲಿ ಒಂದು ಕಾಫಿ, ಒಂದು ತುಂಡು ಕೇಕಿಗೆ ಕೊಡುವ ಹಣಕ್ಕಿಂತ ಹೆಚ್ಚಿಲ್ಲ. ಕಾಗದ ತೆಳುವಾದರೂ ಗಟ್ಟಿ, ಸಮವಸ್ತ್ರದ ಜೇಬಿನಲ್ಲಿ ಇಡೀ ವರ್ಷ ಬಾಳುತ್ತದೆ. ಆದರೆ ಅಕ್ಷರ ನಿಜಕ್ಕೂ ಸಣ್ಣದು, ನಲವತ್ತೈದು ದಾಟಿದವರು ದೊಡ್ಡಕ್ಷರದ ಆವೃತ್ತಿಯನ್ನೇ ಕೊಳ್ಳುವುದು ಲೇಸು. ಟಿಪ್ಪಣಿಗೆ ಜಾಗ ಬಿಟ್ಟಿರುವ ಇನ್ನೊಂದು ಆವೃತ್ತಿ, ವಚನವನ್ನು ಆ ದಿನದ ಒಂದು ಕೆಲಸಕ್ಕೆ ಹೊಂದಿಸಿ ಒಂದು ಸಾಲು ಬರೆದಿಡುವ ಅಭ್ಯಾಸವಿರುವವರಿಗೆ ಹೇಳಿ ಮಾಡಿಸಿದಂತಿದೆ. ನಾನು ಎಲ್ಲಕ್ಕಿಂತ ಮೊದಲು ಶಿಫಾರಸು ಮಾಡುವುದು ಅದನ್ನೇ. ಹೀಬ್ರೂ, ಗ್ರೀಕ್ ಮೂಲದ ಆವೃತ್ತಿ ದೇವಜ್ಞಾನ ಕಲಿತವರಿಗೆ ಮಾತ್ರ. ಫೋನಿನ ಆ್ಯಪ್ ಉಚಿತವಾಗಿದೆ, ಚೆನ್ನಾಗಿಯೂ ಇದೆ, ಆದರೆ ವಚನ ನೋಡಲು ಫೋನ್ ತೆರೆದವರು ವಾಟ್ಸ್‌ಆ್ಯಪ್ ಸಂದೇಶಗಳಿಗೆ ಜಾರುವುದು ಸುಲಭವಾದ್ದರಿಂದ ಕಾಗದದ ಹೊತ್ತಗೆಗೇ ನನ್ನ ಒಲವು. ಕರ್ನಾಟಕದಲ್ಲಿರುವವರು ಅಮೆರಿಕದ ಮೊರೇವಿಯನ್ ಸಭೆ ಹೊರತರುವ ಇಂಗ್ಲಿಷ್ ಆವೃತ್ತಿಯನ್ನು ಇಮೇಲ್ ಮೂಲಕ ಪ್ರತಿದಿನ ಉಚಿತವಾಗಿ ಪಡೆಯಬಹುದು. ಅದರಲ್ಲಿ ವಚನದ ಅಂಕಿಗಳು ನಮ್ಮ ಸತ್ಯವೇದಕ್ಕೆ ಹೊಂದುವುದರಿಂದ ಮೇಲೆ ಹೇಳಿದ ತೊಡಕೂ ಇರುವುದಿಲ್ಲ. ಜರ್ಮನಿಯ ಪುಸ್ತಕದಂಗಡಿಗಳಲ್ಲಿ ಮುಂದಿನ ವರ್ಷದ ಪ್ರತಿಗಳು ಕ್ರಿಸ್ಮಸ್ಸಿಗೆ ಬಹಳ ಮುಂಚೆಯೇ ಬಂದಿರುತ್ತವೆ, ದೊಡ್ಡಕ್ಷರದವು ಬೇಗ ಮುಗಿಯುವುದರಿಂದ ಹಿರಿಯರಿಗಾಗಿ ಕೊಳ್ಳುವವರು ಡಿಸೆಂಬರ್‌ವರೆಗೆ ಕಾಯದಿರುವುದು ಒಳ್ಳೆಯದು.